ಅರೆಕೆಲಸ ಮಾಡುವವರಿಗೂ ಯುವನಿಧಿಯಲ್ಲಿ ಒಂದು ಕಾಲಂ ಇರಲಿ

ಮಾನ್ಯ ಸಂಪಾದಕರೇ,

ಶುಕ್ರವಾರ ಸಂಜೆ ಎಂಟರೊಳಗೆ ಫೋನ್ ಬಂದರೆ ನನಗೆ ಶನಿವಾರ, ಭಾನುವಾರ ಕೆಲಸ ಉಂಟು. ಬಾರದಿದ್ದರೆ ಇಲ್ಲ. ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಹೋಂಸ್ಟೇಯಲ್ಲಿ ಬಂದವರ ಹೆಸರು, ವಿಳಾಸ ಬರೆದುಕೊಳ್ಳುವುದು, ಬಿಲ್ ಮಾಡುವುದು, ಆಳು ಕಡಿಮೆ ಬಿದ್ದರೆ ಕೋಣೆಯ ಬೆಡ್‌ಶೀಟ್ ಬದಲಿಸುವುದು ನನ್ನ ಕೆಲಸ. ದಿನಕ್ಕೆ 500 ರೂಪಾಯಿ, ಕೈಗೆ ನಗದು. ನಾನು 2023ರಲ್ಲಿ ಬಿ.ಕಾಂ. ಮುಗಿಸಿದವಳು.

ಆ ವರ್ಷ ಪಾಸಾದವರಿಂದ ಹಿಡಿದು ಸರ್ಕಾರ ಯುವನಿಧಿ ತಂದಿತು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟದ್ದನ್ನು ನಾನು ಟಿ.ವಿ.ಯಲ್ಲಿ ನೋಡಿದೆ. ಆ ಹಣ ನನಗೂ ಬಂತು. ಅದಕ್ಕಾಗಿ ಸರ್ಕಾರಕ್ಕೆ ನಾನು ಋಣಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಎರಡು ವರ್ಷ ಈಗ ಮುಗಿದಿದೆ. ಆದ್ದರಿಂದ ಇದು ನನಗೆ ಇನ್ನಷ್ಟು ದುಡ್ಡು ಕೊಡಿ ಎಂದು ಬರೆದ ಪತ್ರ ಅಲ್ಲ.

ನನ್ನ ತಕರಾರು ಸ್ವಯಂ ಘೋಷಣೆಯ ಬಗ್ಗೆ. ಯೋಜನೆ ಶುರುವಾದಾಗ ಪ್ರತಿ ತಿಂಗಳು 25ರೊಳಗೆ ಸೇವಾ ಸಿಂಧುವಿಗೆ ಹೋಗಿ, ನಾನು ಎಲ್ಲೂ ಉದ್ಯೋಗದಲ್ಲಿಲ್ಲ, ಸ್ವಂತ ಉದ್ಯೋಗ ಮಾಡುತ್ತಿಲ್ಲ, ಮುಂದೆ ಓದುತ್ತಿಲ್ಲ ಎಂದು ಘೋಷಿಸಬೇಕಿತ್ತು. ಸುಳ್ಳು ಹೇಳಿದರೆ ಕ್ರಮ ತಪ್ಪಿದ್ದಲ್ಲ. ಹೇಳಬೇಕಾದ್ದು ಕೆಲಸ ಇದೆ ಅಥವಾ ಇಲ್ಲ, ಎರಡೇ ಮಾತು. ಎಷ್ಟು ದಿನ ಮಾಡಿದೆ, ಎಷ್ಟು ಸಿಕ್ಕಿತು ಎಂದು ಬರೆಯಲು ಜಾಗವೇ ಇಲ್ಲ.

ಕೊಡಗಿನಲ್ಲಿ ಕೆಲಸ ಹೇಗಿರುತ್ತದೆ ಎಂಬುದು ಈ ಪತ್ರಿಕೆಯ ಓದುಗರಿಗೆ ಗೊತ್ತು. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು. ಆ ನಾಲ್ಕು ತಿಂಗಳು ಒಬ್ಬರನ್ನು ಹುಡುಕಿದರೂ ಸಿಗುವುದಿಲ್ಲ. ಬೇಸಿಗೆ ರಜೆಯಲ್ಲಿ ಪ್ರವಾಸಿಗರು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಎಲ್ಲವೂ ಬಾಗಿಲು ಹಾಕುತ್ತದೆ. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ಮೇಲಂತೂ ಜೋರು ಮಳೆಯ ಸುದ್ದಿ ಬಂದರೆ ಸಾಕು, ಬೆಂಗಳೂರಿನವರು ಬುಕಿಂಗ್ ರದ್ದು ಮಾಡುತ್ತಾರೆ. ಅವರನ್ನು ದೂರುವುದಕ್ಕೂ ಆಗುವುದಿಲ್ಲ, ಮಕ್ಕಳನ್ನು ಕಟ್ಟಿಕೊಂಡು ಬರುವವರು.

ನಾನೊಂದು ಪುಸ್ತಕ ಇಟ್ಟಿದ್ದೇನೆ, ಕಾಲೇಜಿನ ಅಕೌಂಟೆನ್ಸಿ ನೋಟ್ಸ್‌ನ ಹಿಂದಿನ ಖಾಲಿ ಹಾಳೆಗಳು. ಕೆಲಸ ಸಿಕ್ಕ ದಿನ, ಸಿಕ್ಕ ದುಡ್ಡು, ಆಟೋಕ್ಕೆ ಕೊಟ್ಟದ್ದು ಎಲ್ಲ ಅದರಲ್ಲಿದೆ. 2024ರ ಜೂನ್‌ನಲ್ಲಿ ನಾಲ್ಕು ದಿನ. ಜುಲೈನಲ್ಲಿ ಒಂದು ದಿನ. ಆ ತಿಂಗಳ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಊರೇ ಕೊಚ್ಚಿಹೋದ ಮೇಲೆ, ಇತ್ತ ಕೊಡಗಿಗೆ ಬರಬೇಕಿದ್ದವರೂ ಬರಲಿಲ್ಲ. ಆಗಸ್ಟ್‌ನಲ್ಲಿ ಮೂರು ದಿನ. ಮೂರು ತಿಂಗಳಿಗೆ ಒಟ್ಟು 4,000 ರೂಪಾಯಿ, ಆಟೋ ಖರ್ಚು ಕಳೆಯದೆ. ಒಂದು ಶನಿವಾರ ಗೇಟಿನ ತನಕ ನೆನೆದುಕೊಂಡು ಹೋದ ಮೇಲೆ ‘ಗೆಸ್ಟ್ ಕ್ಯಾನ್ಸಲ್ ಆಯ್ತು, ನಿನಗೆ ಮೆಸೇಜ್ ಹಾಕಿದ್ದೆ’ ಎಂದರು. ಕರೆಂಟ್ ಇಲ್ಲದೆ ಎರಡು ದಿನದಿಂದ ನನ್ನ ಫೋನ್ ಚಾರ್ಜ್ ಆಗಿರಲಿಲ್ಲ. ಆ ದಿನದ ಸಾಲಿನಲ್ಲಿ ಸಂಬಳದ ಜಾಗಕ್ಕೆ ಗೆರೆ, ಆಟೋ ಜಾಗದಲ್ಲಿ 120.

ಆ ಜುಲೈಯಲ್ಲಿ ಘೋಷಣೆ ಮಾಡಲು ಕುಳಿತಾಗ ನಾನು ಯಾರು? ಒಂದು ದಿನ ಬೆಡ್‌ಶೀಟ್ ಬದಲಿಸಿದ ಕಾರಣಕ್ಕೆ ಉದ್ಯೋಗಿಯೇ? ‘ಇಲ್ಲ’ ಎಂದು ಒತ್ತಿದೆ. ಹಣ ಬಂತು. ಬಂದ ಹಣದಲ್ಲಿ ಅಮ್ಮನ ಮಾತ್ರೆ ತಂದೆ. ಕಳ್ಳತನ ಮಾಡಿದವಳಂತೆ ಆ ತಿಂಗಳೆಲ್ಲ ಮನಸ್ಸಿಗೆ ಹಿಂಸೆ. ಇಂಥ ಹಿಂಸೆಯನ್ನು ಒಂದು ಫಾರಂ ಜನರಿಗೆ ಕೊಡಬಾರದು.

2025ರ ಜನವರಿಯಲ್ಲಿ ಹತ್ತಿರದ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್‌ಗೆ ಸಹಾಯಕಿಯಾಗಿ ಹೋದೆ. ರೊಬಸ್ಟಾ ಕಾಫಿಯ ಕೊಯ್ಲು. ಸಂಜೆ ನಾಲ್ಕಕ್ಕೆ ಚೀಲಗಳು ಸಾಲಾಗಿ ಬರುತ್ತವೆ. ಹಣ್ಣಿನ ಅಂಟು ಕೈಗೆ, ಪೆನ್ನಿಗೆ, ಪುಸ್ತಕಕ್ಕೆ. ಕಿಲೋ ಲೆಕ್ಕದಲ್ಲಿ ಕೂಲಿ ಆದ್ದರಿಂದ ತಕ್ಕಡಿಯ ಮುಳ್ಳು ನಿಲ್ಲುವವರೆಗೂ ಕೊಯ್ದವರು ಕಣ್ಣು ತೆಗೆಯುವುದಿಲ್ಲ. (ಆ ಹೆಂಗಸರಿಗೆ ಕೊಯ್ಲು ಮುಗಿದ ಮೇಲೆ ಯಾವ ಭತ್ಯೆಯೂ ಇಲ್ಲ, ಪದವಿ ಇಲ್ಲವಲ್ಲ. ಅದರ ಬಗ್ಗೆಯೇ ಇನ್ನೊಂದು ಪತ್ರ ಬರೆಯಬೇಕು.) ದಿನಕ್ಕೆ 450ರಂತೆ 24 ದಿನಕ್ಕೆ 10,800 ರೂಪಾಯಿ ಸಿಕ್ಕಿತು. ಇದು ಕೆಲಸವೇ, ಅನುಮಾನವಿಲ್ಲ. ಹಾಗಾಗಿ ನಾನು ಘೋಷಣೆ ಮಾಡಲಿಲ್ಲ, ಹಣ ನಿಂತಿತು. ಅದು ನ್ಯಾಯ. ಆದರೆ ಏಪ್ರಿಲ್ ಹೊತ್ತಿಗೆ ತೋಟದ ಕೆಲಸ ಮುಗಿದಾಗ ಮತ್ತೆ ಶುರು ಮಾಡಿಸಲು ಮೂರು ಸಲ ಕಚೇರಿ ಅಲೆದೆ. ಒಬ್ಬರು ಆಗುತ್ತದೆ ಎಂದರು, ಇನ್ನೊಬ್ಬರು ಒಮ್ಮೆ ನಿಂತರೆ ಮುಗಿಯಿತು ಎಂದರು. ನಿಜ ಹೇಳಿದ್ದಕ್ಕೆ ಸಿಕ್ಕ ಫಲ ಇದು. ನನ್ನ ಜೊತೆಗೇ ಓದಿದ ಒಬ್ಬಳು, ‘ನೀನು ಸುಮ್ಮನೆ ಇಲ್ಲ ಅಂತ ಒತ್ತಬೇಕಿತ್ತು’ ಎಂದಳು. ಅವಳಿಗೆ ಹೇಳಲು ನನ್ನ ಬಳಿ ಉತ್ತರ ಇರಲಿಲ್ಲ.

ಬೇರೆ ದೇಶಗಳಲ್ಲಿ ಈ ಪ್ರಶ್ನೆಯನ್ನು ಬಗೆಹರಿಸಿಕೊಂಡಿದ್ದಾರೆ. ಜರ್ಮನಿಯಲ್ಲಿ ವಾರಕ್ಕೆ 15 ಗಂಟೆಗಿಂತ ಕಡಿಮೆ ದುಡಿಯುವವರು ನಿರುದ್ಯೋಗಿಗಳಾಗಿಯೇ ಉಳಿಯುತ್ತಾರೆ, ಆ ಕೆಲಸದಿಂದ ಬಂದ ತಿಂಗಳ 165 ಯೂರೋವರೆಗಿನ ಗಳಿಕೆಯನ್ನು ಭತ್ಯೆಯಲ್ಲಿ ಹಿಡಿಯುವುದಿಲ್ಲ. ಅಮೆರಿಕದ ರಾಜ್ಯಗಳಲ್ಲೂ ಅಲ್ಪಸ್ವಲ್ಪ ಕೆಲಸ ಮಾಡಿದವರು ಆ ವಾರದ ಗಳಿಕೆ ತಿಳಿಸಿದರೆ ಭತ್ಯೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಕೊಡುತ್ತಾರೆ. ಅವು ವಿಮೆಯ ಹಣ, ನಮ್ಮದು ಖಜಾನೆಯ ಹಣ, ಒಪ್ಪುತ್ತೇನೆ. ನಮ್ಮಲ್ಲೂ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇರುವವರಿಗೆ ಕೆಲಸ ಹೋದರೆ 90 ದಿನದವರೆಗೆ ಸರಾಸರಿ ಗಳಿಕೆಯ ಒಂದು ಪಾಲು ಕೊಡುವ ಯೋಜನೆ 2018ರಲ್ಲಿ ಬಂತು, 2020ರಲ್ಲಿ ಆ ಪಾಲನ್ನು ಅರ್ಧಕ್ಕೆ ಏರಿಸಿದರು. ಆದರೆ ಮೂರು ಜನ ಆಳಿರುವ ಹೋಂಸ್ಟೇಗೆ ಎಲ್ಲಿಯ ಇ.ಎಸ್.ಐ.?

ನಾನು ಕೇಳುವುದು ದೊಡ್ಡದೇನಲ್ಲ. ಘೋಷಣೆಯಲ್ಲಿ ಇನ್ನೊಂದು ಕಾಲಂ ಸೇರಿಸಿ: ಎಷ್ಟು ದಿನ ಕೆಲಸ, ಎಷ್ಟು ಗಳಿಕೆ. ಗಳಿಕೆ 3,000 ದಾಟದಿದ್ದರೆ ಭತ್ಯೆ ಪೂರ್ತಿ ಕೊಡಿ. ದಾಟಿದರೆ ದಾಟಿದ್ದರಲ್ಲಿ ಅರ್ಧವನ್ನು ಭತ್ಯೆಯಿಂದ ಕಡಿತ ಮಾಡಿ. ಕೈತುಂಬ ಕೆಲಸವಿದ್ದ ತಿಂಗಳು ಏನೂ ಕೊಡಬೇಡಿ, ಆದರೆ ಆ ತಿಂಗಳನ್ನು ಎರಡು ವರ್ಷದ ಲೆಕ್ಕದಲ್ಲಿ ಸೇರಿಸಬೇಡಿ, ಮತ್ತೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ. ಜನ ಗಳಿಕೆ ಕಡಿಮೆ ತೋರಿಸುತ್ತಾರೆ ಎನ್ನಬಹುದು. ಈಗ ಪೂರ್ತಿಯೇ ಮುಚ್ಚಿಡುತ್ತಿದ್ದಾರಲ್ಲ! ಹೋಂಸ್ಟೇಗಳು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿರಬೇಕು, ತೋಟಗಳಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಇರುತ್ತದೆ. ಮಾಲೀಕರು ದಿನದ ಲೆಕ್ಕದ ಚೀಟಿಯೊಂದನ್ನು ಸಹಿ ಮಾಡಿ ಕೊಟ್ಟರೆ ಸಾಕು.

ನನ್ನ ತಂಗಿ ಕುಶಾಲನಗರದಲ್ಲಿ ಡಿಪ್ಲೊಮಾ ಕೊನೆಯ ಸೆಮಿಸ್ಟರ್‌ನಲ್ಲಿದ್ದಾಳೆ. ಕಳೆದ ವಾರ ನನ್ನ ಪುಸ್ತಕ ತೆಗೆದು ನೋಡಿ, ‘ಅಕ್ಕ, ನಾನು ಇದನ್ನೆಲ್ಲ ಬರೆದಿಡಬೇಕಾ, ಬೇಡವಾ?’ ಎಂದು ಕೇಳಿದಳು. ಬರೆದಿಡು ಎಂದಿದ್ದೇನೆ. ಕೌಶಲ್ಯಾಭಿವೃದ್ಧಿ ಇಲಾಖೆಯ ಯಾರಾದರೂ ಅಧಿಕಾರಿ ನೋಡಬೇಕೆಂದರೆ ನನ್ನ ಪುಸ್ತಕದ ಜೆರಾಕ್ಸ್ ತೆಗೆದು ಕೊಡಲು ಸಿದ್ಧಳಿದ್ದೇನೆ, ಆ ಜುಲೈ ತಿಂಗಳ ಹಾಳೆಯನ್ನೂ ಸೇರಿಸಿ.

– ಬಿ.ಕಾಂ. ಪದವೀಧರೆ, ಪೊನ್ನಂಪೇಟೆ ತಾಲ್ಲೂಕು, ಕೊಡಗು