ಟರ್ಬೊ ಬಿಚ್ಚುವ ಮೊದಲು, ಗಾಡಿ ತಣ್ಣಗಿರುವಾಗ ಒಮ್ಮೆ ನೋಡಿ

ಸಂಪಾದಕರಿಗೆ ನಮಸ್ಕಾರ,

ಟರ್ಬೊ (ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಒಳಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಗಾಡಿ, ಓಡಿಸುವವರ ಬಾಯಲ್ಲಿ ಈ ಚಳಿಗಾಲವೂ ಅದೇ ದೂರು ಕೇಳುತ್ತಿದ್ದೇನೆ. ಬೆಳಿಗ್ಗೆ ಮೊದಲ ಸಲ ಎಂಜಿನ್ ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಐಡಲ್‌ನಲ್ಲಿ (ರೇಸ್ ಕೊಡದೆ ಬಿಟ್ಟಾಗ) ಒಂದೇ ಸಮ ಓಡುವುದಿಲ್ಲ. ಆರ್‌ಪಿಎಂ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಕೊನೆಗೆ ಆಫ್. ಮೂರ್ನಾಲ್ಕು ಸಲ ಹೀಗೆ ಸತಾಯಿಸಿ ಒಮ್ಮೆ ಬಿಸಿಯಾಯಿತು ಅಂದರೆ ದಿನವಿಡೀ ಯಾವ ತಕರಾರೂ ಇಲ್ಲ. ನನ್ನ ಗಾಡಿಯೂ ಹೀಗೇ ಮಾಡುತ್ತಿತ್ತು. ಎರಡು ಚಳಿಗಾಲ ಅದರ ಹಿಂದೆ ಬಿದ್ದು ಕಲಿತದ್ದನ್ನು ಬರೆಯುತ್ತಿದ್ದೇನೆ, ದಯವಿಟ್ಟು ಪ್ರಕಟಿಸಿ.

ಈ ತೊಂದರೆಯನ್ನು ಎಂಜಿನ್ ತಣ್ಣಗಿರುವಾಗಲೇ ಹುಡುಕಬೇಕು. ಕೇಳಲು ಇದು ಚಿಕ್ಕ ಮಾತು, ಆದರೆ ಯಾರೂ ಹಾಗೆ ಮಾಡುವುದಿಲ್ಲ. ನಾನು ಗಾಡಿ ಕೊಟ್ಟ ವರ್ಕ್‌ಶಾಪ್‌ನವರು ಅದನ್ನು ಹೀಟರ್ ಇರುವ ಶೆಡ್‌ನೊಳಗೆ ನಿಲ್ಲಿಸಿಕೊಂಡು, ಮಾರನೇ ದಿನ ಸ್ಟಾರ್ಟ್ ಮಾಡಿ ನೋಡಿ, "ನಮ್ಮ ಹತ್ರ ಚೆನ್ನಾಗೇ ಇದೆಯಲ್ಲ" ಅಂದರು. ಎರಡು ಸಲ ಹೀಗೇ ಆಯಿತು. ಮೂರನೇ ಸಲ ಹೋದಾಗ ಟರ್ಬೊ ಹೋಗಿದೆ, ಬದಲಾಯಿಸಬೇಕು ಅಂದುಬಿಟ್ಟರು. ಯಾವ ಪರೀಕ್ಷೆ ಮಾಡಿ ಹಾಗೆ ಹೇಳಿದಿರಿ ಎಂದು ಕೇಳಿದರೆ ಉತ್ತರ ಇರಲಿಲ್ಲ. ನನಗೆ ನಿಜವಾಗಿ ಬೇಸರವಾದದ್ದು ಆಗ.

ಐಡಲ್‌ನಲ್ಲಿ ಟರ್ಬೊ ಏನು ಮಾಡುತ್ತದೆ? ಹೆಚ್ಚುಕಡಿಮೆ ಏನೂ ಇಲ್ಲ. ಗಾಳಿ ಒಳಬಿಡುವ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಸೈಲೆನ್ಸರ್ ಕಡೆ ಹೋಗುವ ಹೊಗೆ ಕಡಿಮೆ, ಟರ್ಬೊದ ಚಕ್ರ (ಟರ್ಬೈನ್) ಸುಮ್ನೆ ಮೆಲ್ಲಗೆ ತಿರುಗುತ್ತಿರುತ್ತದೆ, ಬೂಸ್ಟ್ (ಟರ್ಬೊ ಕೊಡುವ ಹೆಚ್ಚಿನ ಗಾಳಿಯ ಒತ್ತಡ) ಅನ್ನುವುದೇ ಇರುವುದಿಲ್ಲ. ಸಮುದ್ರ ಮಟ್ಟದಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 100 ಕಿಲೋಪಾಸ್ಕಲ್. ಫೋರ್ ಸ್ಟ್ರೋಕ್ ಎಂಜಿನ್ ಐಡಲ್‌ನಲ್ಲಿರುವಾಗ ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡ್ ಪೈಪ್‌ನಲ್ಲಿ ಅದಕ್ಕಿಂತ ತುಂಬಾ ಕಡಿಮೆ ಇರುತ್ತದೆ. ಅಂದರೆ ಆ ಹೊತ್ತಿನಲ್ಲಿ ಅದು ಟರ್ಬೊ ಇಲ್ಲದ ಎಂಜಿನ್ನಿನ ಹಾಗೇ ಉಸಿರಾಡುತ್ತಿರುತ್ತದೆ. ಟರ್ಬೊದ ಸೀಲ್ ಹೋಗಿದ್ದರೆ ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆಯಾಗುತ್ತದೆ. ಅದು ಬೇರೆಯೇ ಕಥೆ.

ಹಾಗಾದರೆ ಟರ್ಬೊ ಗಾಡಿಗಳಲ್ಲೇ ಈ ಕಾಟ ಜಾಸ್ತಿ ಯಾಕೆ? ಬೂಸ್ಟ್ ಬಂದಾಗ ಬೇಕಾಗುವಷ್ಟು ಪೆಟ್ರೋಲ್ ಕೊಡಲು ಅವುಗಳಲ್ಲಿ ದೊಡ್ಡ ಇಂಜೆಕ್ಟರ್ ಇರುತ್ತವೆ. ಐಡಲ್‌ನಲ್ಲಿ ಅದೇ ಇಂಜೆಕ್ಟರ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತೆರೆದು ಮುಚ್ಚಿಕೊಳ್ಳಬೇಕು, ಅಲ್ಲಿ ಚೂರು ಹೆಚ್ಚುಕಡಿಮೆಯಾದರೂ ಎಂಜಿನ್ ತಡವರಿಸುತ್ತದೆ. ಕಂಪನಿಯಿಂದಲೇ ಟರ್ಬೊ ಹಾಕಿ ಬರುವ ಗಾಡಿಗಳಲ್ಲಿ ಇದನ್ನೆಲ್ಲ ಚಳಿಯಲ್ಲಿ ಪರೀಕ್ಷೆ ಮಾಡಿ ಹೊಂದಿಸಿರುತ್ತಾರೆ. ಟೂ ಸ್ಟ್ರೋಕ್‌ನಲ್ಲೂ ಅಂಥ ಗಾಡಿ ಬಂದಿದೆ, 2020ರಲ್ಲಿ ಸ್ಕೀ-ಡೂ ಬ್ರ್ಯಾಂಡ್‌ನ 850 ಇ-ಟೆಕ್ ಟರ್ಬೊ ಬಂದದ್ದು ನೆನಪಿರಬಹುದು. ಆದರೆ ಹೊರಗಿನಿಂದ ಕಿಟ್ ತಂದು ಕೂರಿಸಿದ್ದರೆ, ಅದರ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಕೊಡಬೇಕೆಂಬ ಲೆಕ್ಕ) ಫುಲ್ ರೇಸ್‌ಗೆ ಮಾತ್ರ ಹೊಂದಿಸಿ ಕೋಲ್ಡ್ ಸ್ಟಾರ್ಟ್ ಕಡೆ ಯಾರೂ ತಿರುಗಿ ನೋಡಿಲ್ಲದಿರುವ ಸಾಧ್ಯತೆ ತುಂಬಾ ಇದೆ. ಅಂಥವರು ಮೊದಲು ಟ್ಯೂನ್ ಮಾಡಿದವರನ್ನೇ ಕೇಳಿ.

ಈಗ ನನ್ನ ಗಾಡಿಗೆ ಬರುತ್ತೇನೆ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಮೊದಲ ನಿಮಿಷಗಳಲ್ಲಿ ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಎಷ್ಟು ಜಾಸ್ತಿ ಎಂದು ತೀರ್ಮಾನ ಮಾಡುವುದು ಮುಖ್ಯವಾಗಿ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಟೆಂಪರೇಚರ್ ಸೆನ್ಸರ್ ಹೇಳಿದ ಮಾತಿನ ಮೇಲೆ. ಈ ಸೆನ್ಸರ್ ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಏರುತ್ತದೆ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, ಮೈನಸ್ 20ಕ್ಕೆ ಸುಮಾರು 15,000 ಓಮ್, 80 ಡಿಗ್ರಿಗೆ 300ರ ಆಸುಪಾಸು. ನಿಮ್ಮ ಗಾಡಿಯದು ಬೇರೆ ಇರಬಹುದು, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಕನೆಕ್ಟರ್‌ನಲ್ಲಿ ಕಿಲುಬು ಹಿಡಿದು ಒಂದಷ್ಟು ರೆಸಿಸ್ಟೆನ್ಸ್ ಸೇರಿಕೊಂಡರೆ ಇಸಿಯುಗೆ ಇರುವುದಕ್ಕಿಂತ ಜಾಸ್ತಿ ಚಳಿ ಕಾಣುತ್ತದೆ, ಬೇಡದಷ್ಟು ಪೆಟ್ರೋಲ್ ಸುರಿಯುತ್ತದೆ, ಪ್ಲಗ್ ಒದ್ದೆಯಾಗಿ ಎಂಜಿನ್ ನಿಲ್ಲುತ್ತದೆ.

ಇದನ್ನು ಹಿಡಿಯುವ ದಾರಿ ಬಹಳ ಸುಲಭ. ಗಾಡಿಯನ್ನು ಇಡೀ ರಾತ್ರಿ ಹೊರಗೆ ಬಿಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಬೇಡಿ, ಕೀ ಮಾತ್ರ ಆನ್ ಮಾಡಿ, ಸೆನ್ಸರ್ ಹೇಳುವುದನ್ನು ತೋರಿಸುವ ಸ್ಕ್ಯಾನರ್ ಹಾಕಿ. ಕೂಲೆಂಟ್ ಎಷ್ಟು ಡಿಗ್ರಿ, ಒಳಗೆ ಹೋಗುವ ಗಾಳಿ ಎಷ್ಟು ಡಿಗ್ರಿ ಎಂದು ನೋಡಿ, ಪಕ್ಕದಲ್ಲೇ ಒಂದು ಥರ್ಮಾಮೀಟರ್ ಇಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಈ ಮೂರೂ ಹತ್ತಿರ ಹತ್ತಿರ ಒಂದೇ ಇರಬೇಕು, ಅಲ್ವಾ? ನನ್ನದರಲ್ಲಿ ಥರ್ಮಾಮೀಟರ್ ಮೈನಸ್ 12 ಅನ್ನುತ್ತಿತ್ತು, ಗಾಳಿಯ ಸೆನ್ಸರ್ ಮೈನಸ್ 11, ಕೂಲೆಂಟ್ ಮೈನಸ್ 31! ಕನೆಕ್ಟರ್ ಬಿಚ್ಚಿದರೆ ಒಂದು ಪಿನ್ ಹಸಿರಾಗಿತ್ತು. ಕ್ಲೀನ್ ಮಾಡಿ, ಪಿನ್ ಸ್ವಲ್ಪ ಬಿಗಿ ಮಾಡಿ ಹಾಕಿದೆ. ಮರುದಿನ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಒಂದೇ ಸಮ ಓಡಿತು. ಎಂಜಿನ್ ಬಿಸಿಯಾದಾಗ ಆ ಪಿನ್ ಹಿಗ್ಗಿ ಸರಿಯಾಗಿ ತಾಗಿಕೊಳ್ಳುತ್ತಿತ್ತು ಎಂದು ಕಾಣುತ್ತದೆ, ಹೀಟರ್ ಶೆಡ್‌ನಲ್ಲಿ ಏನೂ ಗೊತ್ತಾಗದೇ ಇದ್ದದ್ದು ಅದಕ್ಕೇ. ಎರಡು ಚಳಿಗಾಲ ಕಾಡಿದ್ದು ಹತ್ತು ನಿಮಿಷದ ಕೆಲಸ.

ಎಲ್ಲರದ್ದೂ ಸೆನ್ಸರ್ ತೊಂದರೆಯೇ ಅನ್ನುತ್ತಿಲ್ಲ. ಎಂಜಿನ್ ನಿಂತ ತಕ್ಷಣ ಪ್ಲಗ್ ಬಿಚ್ಚಿ ನೋಡಿ. ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ ಅಥವಾ ಕಿಡಿ ಸಾಲುತ್ತಿಲ್ಲ. ಒಣಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ. ಥ್ರಾಟಲ್ ಬಾಡಿಯಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಬೂಟ್‌ಗಳನ್ನು ಚಳಿಯಲ್ಲೇ ಮುಟ್ಟಿ ನೋಡಬೇಕು. ತಣ್ಣಗಿರುವಾಗ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ, ಕ್ಲಾಂಪ್ ಸಡಿಲವಾಗುತ್ತದೆ, ಬಿಸಿಯಾದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ಟರ್ಬೊ ಮತ್ತು ಥ್ರಾಟಲ್ ನಡುವಿನ ಪೈಪ್ ಲೀಕ್ ಆದರೆ ಬೂಸ್ಟ್ ಹೋಗುತ್ತದೆ, ಐಡಲ್ ಮೇಲೆ ಸಾಮಾನ್ಯವಾಗಿ ಅಷ್ಟು ಪರಿಣಾಮ ಆಗುವುದಿಲ್ಲ. ಲೀಕ್ ಹುಡುಕಲು ಉರಿಯುವ ಸ್ಪ್ರೇ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಟರ್ಬೊ ಪಕ್ಕದಲ್ಲಿ ಅದು ತುಂಬಾ ಅಪಾಯ, ಮಾಡಬೇಡಿ. ಹೊಗೆ ತುಂಬಿಸಿ ನೋಡುವ ಸ್ಮೋಕ್ ಟೆಸ್ಟ್ ಮಾಡಿಸಿ.

ಬ್ಯಾಟರಿಯನ್ನೂ ಮರೆಯಬೇಡಿ. ಲೆಡ್ ಆ್ಯಸಿಡ್ ಬ್ಯಾಟರಿಯ ತಾಕತ್ತು ಮೈನಸ್ 18ರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ವೋಲ್ಟೇಜ್ ಬಿದ್ದರೆ ಇಂಜೆಕ್ಟರ್ ತಡವಾಗಿ ತೆರೆಯುತ್ತದೆ, ಕಿಡಿಯೂ ಸೋಲುತ್ತದೆ. ಥ್ರಾಟಲ್ ಪ್ಲೇಟ್ ಅಂಚಿನಲ್ಲಿ ಕಾರ್ಬನ್ ಕಟ್ಟಿದ್ದರೆ, ಐಡಲ್ ವಾಲ್ವ್ ಅಂಟಿಕೊಂಡಿದ್ದರೆ ಬರುವ ಗಾಳಿಯೇ ಸಾಲದು. ಕಳೆದ ಸೀಸನ್‌ನ ಪೆಟ್ರೋಲ್ ಟ್ಯಾಂಕ್‌ನಲ್ಲಿ ಉಳಿದಿದ್ದರೆ ಅದನ್ನು ತೆಗೆದು ಹೊಸದು ಹಾಕಿ, ಆಮೇಲೆ ಮುಂದಿನದು ನೋಡಿ. ಪ್ಲಗ್ ಗ್ಯಾಪ್ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಇರಲಿ.

ಇನ್ನೊಂದು ಮಾತು ಕೇಳಿಕೊಳ್ಳುತ್ತೇನೆ. ಎಂಜಿನ್ ನಿಂತುಹೋಗುತ್ತದೆ ಎಂದು ಸ್ಟಾರ್ಟ್ ಆದ ಕೂಡಲೇ ರೇಸ್ ಕೊಟ್ಟು ಹಿಡಿದುಕೊಳ್ಳಬೇಡಿ. ತಣ್ಣಗಿನ ಆಯಿಲ್ ಟರ್ಬೊ ಬೇರಿಂಗ್‌ವರೆಗೆ ಹೋಗಲು ಸ್ವಲ್ಪ ಹೊತ್ತು ಬೇಕು. ಆರ್‌ಪಿಎಂ ಏರಿದರೆ ಕ್ಲಚ್ ಬೆಲ್ಟ್ ಹಿಡಿದು ಗಾಡಿ ಮುಂದೆ ಜಿಗಿಯುತ್ತದೆ, ಎದುರಿಗೆ ಯಾರಾದರೂ ಇದ್ದರೆ ಏನು ಗತಿ? ಮುಚ್ಚಿದ ಶೆಡ್‌ನಲ್ಲಂತೂ ಎಂಜಿನ್ ಓಡಿಸಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ಜೀವ ಹೋಗಿರುತ್ತದೆ.

ವರ್ಕ್‌ಶಾಪ್ ನಡೆಸುವವರಿಗೆ ನನ್ನ ಮನವಿ ಇಷ್ಟೇ. ಗಿರಾಕಿ "ಬೆಳಿಗ್ಗೆ ಮಾತ್ರ ಹೀಗೆ" ಅಂದರೆ ಗಾಡಿಯನ್ನು ಒಂದು ರಾತ್ರಿ ಹೊರಗೆ ನಿಲ್ಲಿಸಿ, ಸ್ಟಾರ್ಟ್ ಮಾಡುವ ಮೊದಲೇ ಸೆನ್ಸರ್ ಏನು ಹೇಳುತ್ತಿದೆ ಎಂದು ಬರೆದುಕೊಳ್ಳಿ. ಆಮೇಲೆ ಸ್ಪ್ಯಾನರ್ ಎತ್ತಿ. ಗಾಡಿ ಇಟ್ಟುಕೊಂಡವರೂ ಅಷ್ಟೇ, ಹೊರಗೆ ಎಷ್ಟು ಡಿಗ್ರಿ ಇತ್ತು, ಎಷ್ಟು ಸೆಕೆಂಡಿಗೆ ಆಫ್ ಆಯಿತು, ಹೊಗೆ ಯಾವ ಬಣ್ಣ, ಪ್ಲಗ್ ಹೇಗಿತ್ತು ಎಂದು ನಾಲ್ಕು ಬೆಳಿಗ್ಗೆ ಬರೆದಿಟ್ಟು ಆ ಚೀಟಿಯನ್ನು ಗಾಡಿ ಜೊತೆ ಮೆಕ್ಯಾನಿಕ್ ಕೈಗೆ ಕೊಡಿ.

ಇಂತಿ,
ನಿಮ್ಮ ಓದುಗ