ಗ್ರಾಮರ್ ಮುಗಿಯೋತನಕ ಬಾಯಿ ಮುಚ್ಕೊಂಡೇ ಇರಬೇಕಾ?

ಮಾನ್ಯ ಸಂಪಾದಕರೇ,

ಕ್ಲಾಸಿಗೆ ಹೋಗದೆ ಮೊಬೈಲ್ ನೋಡ್ಕೊಂಡು ತಾವೇ ಇಂಗ್ಲಿಷ್ ಕಲಿಯೋ ನಮ್ಮ ಗಂಗಾವತಿ ಕಡೆ ಹುಡುಗರು ಗ್ರಾಮರ್ ಪೂರ್ತಿ ಬಂದಮೇಲೇ ಮಾತಾಡಬೇಕು ಅಂತ ಗಟ್ಟಿಯಾಗಿ ನಂಬ್ಕೊಂಡು ಅಲ್ಲೇ ನಿಂತುಬಿಟ್ಟಾರ. ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋ ನನ್ನ ತಮ್ಮ ಎರಡು ವರ್ಷದಿಂದ ಟೆನ್ಸ್ ಟೇಬಲ್ ಬರೀತಾನೆ, ಮೂರು ನೋಟ್‌ಬುಕ್ ತುಂಬ್ಯಾವ, ಆದ್ರೆ ಹಂಪಿಯಲ್ಲಿ ಫಾರಿನ್‌ನವರೊಬ್ರು ದಾರಿ ಕೇಳಿದಾಗ ಬೆವತುಬಿಟ್ಟ, ಲೆಫ್ಟ್ ಅನ್ನೋ ಒಂದು ಶಬ್ದನೂ ಬಾಯಿಗೆ ಬರಲಿಲ್ಲ, ನೋಡಿ ನನಗೇ ಸಂಕಟ ಆಯ್ತು. ಅದೇ ಆನೆಗೊಂದಿ, ಸಣಾಪುರದ ಆಟೋದವರು ಗ್ರಾಮರ್ ಪುಸ್ತಕ ಮುಟ್ಟದೇನೇ ಮಾತಾಡ್ತಾರ, ದಿನಾ ಕಿವಿಗೆ ಬೀಳುತ್ತಲ್ಲ, ತಪ್ಪಾದ್ರೂ ಬಿಡಲ್ಲ. ಕನ್ನಡ ಮೀಡಿಯಂನವರಿಗೆ ಇಂಗ್ಲಿಷ್ ಬರೋದೇ ಇಲ್ಲ ಅನ್ನೋದಂತೂ ಶುದ್ಧ ಸುಳ್ಳು. ಕಲಿಯೋರ ಇಂಥ ನಂಬಿಕೆಗಳನ್ನ ತಿಳ್ಕೊಳ್ಳೋಕೆ ಭಾಷೆ ಕಲಿಕೆ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ಎಲೈನ್ ಹಾರ್ವಿಟ್ಜ್ 1980ರ ದಶಕದಲ್ಲೇ ಒಂದು ಪ್ರಶ್ನಾವಳಿ ಮಾಡಿದ್ರು, ಅಂದ್ರೆ ಇದು ಬರೀ ನಮ್ಮೂರಿನ ಕಥೆ ಅಲ್ಲ.

ತಾಲೂಕಿನ ಲೈಬ್ರರಿಗಳಲ್ಲಿ ವಾರಕ್ಕೊಂದು ಸಂಜೆ ಒಂದು ತಾಸು ಇಂಗ್ಲಿಷ್ ಮಾತಾಡೋಕೆ ಜಾಗ ಕೊಡಲಿ, ಅಲ್ಲಿ ಯಾರೂ ತಪ್ಪು ಹಿಡಿಯೋದು ಬೇಡ, ನಗೋದಂತೂ ಬೇಡವೇ ಬೇಡ.

ಒಬ್ಬ ಓದುಗ, ಗಂಗಾವತಿ, ಕೊಪ್ಪಳ ಜಿಲ್ಲೆ