ಹೆಡರ್ ಮ್ಯಾಕ್ರೋಗಳನ್ನು ಕೊನೆಯ ಕೆಲಸವಾಗಿ ಉಳಿಸಬಾರದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೈಬ್ರರಿ (ಇತರ ಪ್ರೋಗ್ರಾಮ್‌ಗಳು ಬಳಸಿಕೊಳ್ಳುವ ಸಿದ್ಧ ಕೋಡ್‌ನ ಸಂಗ್ರಹ) ರಚಿಸುವ ಕುರಿತು ಪ್ರಕಟವಾದ ಲೇಖನ ಉಪಯುಕ್ತವಾಗಿತ್ತು. ಆದರೆ ಪಠ್ಯದಲ್ಲಿ ಪ್ಯಾಟರ್ನ್ ಹುಡುಕುವ ಲೈಬ್ರರಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದ ಆ ಲೇಖನ, ಹೆಡರ್ ಕಡತದ (ಲೈಬ್ರರಿ ಬಳಸುವವರು ತಮ್ಮ ಕೋಡ್‌ಗೆ ಸೇರಿಸಿಕೊಳ್ಳುವ ಕಡತ) ಮ್ಯಾಕ್ರೋಗಳನ್ನು (ಕಂಪೈಲ್‌ಗೆ ಮೊದಲು ಬೇರೆ ಕೋಡ್ ಆಗಿ ವಿಸ್ತರಣೆಗೊಳ್ಳುವ ಹೆಸರುಗಳು) ಉಳಿದೆಲ್ಲ ಮುಗಿದ ಮೇಲೆ ಬರೆದರೆ ಸಾಕು ಎಂದದ್ದನ್ನು ಒಪ್ಪಲಾಗದು. ಲೈಬ್ರರಿಯ ಒಳಗಿನ ಕೋಡ್ ಬಹುಮಟ್ಟಿಗೆ ಒಮ್ಮೆ ಕಂಪೈಲ್ ಆಗಿ, ಅಂದರೆ ಯಂತ್ರಭಾಷೆಗೆ ತರ್ಜುಮೆಯಾಗಿ, ಮುಗಿಯುತ್ತದೆ. ಹೆಡರ್ ಮಾತ್ರ ನಾವು ಕಾಣದ ಯಂತ್ರದಲ್ಲಿ, ನಾವು ಆರಿಸದ ಕಂಪೈಲರ್‌ನಲ್ಲಿ, ಬೇರೆಯವರ ಕೋಡ್‌ನ ನಡುವೆ ಮತ್ತೆ ಮತ್ತೆ ಕಂಪೈಲ್ ಆಗಬೇಕಾಗುತ್ತದೆ.

ಅಕ್ಷರದ ವರ್ಗವನ್ನು ಕೋಷ್ಟಕದಲ್ಲಿ ನೋಡಿ ಹೇಳುವ ಸಣ್ಣ ಮ್ಯಾಕ್ರೋವನ್ನೇ ಗಮನಿಸಬಹುದು. ಅಕ್ಷರಗಳನ್ನು ಇಡುವ 'ಚಾರ್' ಎಂಬ ದತ್ತಾಂಶ ವಿಧಕ್ಕೆ ಋಣ ಬೆಲೆ ಇರಬಹುದೇ ಎಂಬುದನ್ನು ಸಿ ಮಾನಕ ಕಂಪೈಲರ್‌ಗೇ ಬಿಟ್ಟಿದೆ: ಎಕ್ಸ್86 ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಆರ್ಮ್ ಸಂಸ್ಕಾರಕದ ಲಿನಕ್ಸ್‌ನಲ್ಲಿ ಇರುವುದಿಲ್ಲ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತವೂ ಯುಟಿಎಫ್-8 ಎಂಬ ಸಂಕೇತ ವಿಧಾನದಲ್ಲಿ ಮೂರು ಬೈಟ್ ಹಿಡಿಯುತ್ತದೆ, ಆ ಮೂರೂ ಬೈಟ್‌ಗಳ ಬೆಲೆ 127ಕ್ಕಿಂತ ಹೆಚ್ಚು; ಋಣ ಬೆಲೆಗೆ ಅವಕಾಶವಿರುವ ಚಾರ್‌ನಲ್ಲಿ ಅವು ಋಣ ಸಂಖ್ಯೆಗಳಾಗುತ್ತವೆ. ಹೀಗಾಗಿ ಅನ್‌ಸೈನ್ಡ್ ಚಾರ್‌ಗೆ (ಋಣ ಬೆಲೆಯಿಲ್ಲದ ಚಾರ್) ಬದಲಿಸದೆ ಕೋಷ್ಟಕವನ್ನು ಮುಟ್ಟುವ ಮ್ಯಾಕ್ರೋ ಇಂಗ್ಲಿಷ್ ಪಠ್ಯದ ಪರೀಕ್ಷೆಗಳಲ್ಲೆಲ್ಲ ಗೆದ್ದು, ಕನ್ನಡ ಪಠ್ಯ ಬಂದೊಡನೆ ಒಂದು ಯಂತ್ರದಲ್ಲಿ ಸರಿಯಾಗಿ ನಡೆದು, ಇನ್ನೊಂದರಲ್ಲಿ ಕೋಷ್ಟಕದ ಹಿಂದಿನ ಸ್ಮೃತಿಯನ್ನು ಓದುತ್ತದೆ. ಕಂಪೈಲರ್ ಎಚ್ಚರಿಕೆಯನ್ನೂ ಕೊಡದೆ ಸುಮ್ಮನಿರಬಹುದಾದ್ದರಿಂದ ಇದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ ತಪ್ಪು. ಅದೇ ಮ್ಯಾಕ್ರೋ ತನಗೆ ಕೊಟ್ಟ ಆರ್ಗ್ಯುಮೆಂಟನ್ನು ಎರಡು ಬಾರಿ ಬಳಸಿದರೆ, ಪಾಯಿಂಟರನ್ನು (ಪಠ್ಯದಲ್ಲಿ ಎಲ್ಲಿದ್ದೇವೆಂದು ತೋರಿಸುವ ವಿಳಾಸ) ಮುಂದೆ ಸರಿಸುತ್ತಾ ಕರೆದವರಿಗೆ ಒಂದು ಅಕ್ಷರವೇ ತಪ್ಪಿಹೋಗುತ್ತದೆ.

ಒಳ್ಳೆಯ ಮಾದರಿಗಳು ನಮ್ಮ ಮುಂದಿವೆ. ಫಿಲಿಪ್ ಹೇಜಲ್ 1997ರಲ್ಲಿ ಆರಂಭಿಸಿದ, ಪಠ್ಯದಲ್ಲಿ ಪ್ಯಾಟರ್ನ್ ಹುಡುಕುವ ಪಿಸಿಆರ್‌ಇ ಲೈಬ್ರರಿಯ ಹೊಸ ರೂಪ ಪಿಸಿಆರ್‌ಇ2 2015ರಲ್ಲಿ ಬಂದಿತು. ಅದು 8, 16 ಹಾಗೂ 32 ಬಿಟ್‌ಗಳ ಪಠ್ಯಕ್ಕೆ ಬೇರೆ ಬೇರೆ ಫಂಕ್ಷನ್‌ಗಳನ್ನು ಒದಗಿಸಿದರೂ ಬಳಸುವವರು ಬರೆಯಬೇಕಾದ ಹೆಸರು ಒಂದೇ. ಹೆಡರ್ ಸೇರಿಸುವ ಮೊದಲು ಅಗಲವನ್ನು (8, 16 ಅಥವಾ 32) ಡಿಫೈನ್ ಮಾಡಿದರೆ, ಹೆಸರಿನ ಕೊನೆಗೆ ಆ ಅಂಕಿಯನ್ನು ಮ್ಯಾಕ್ರೋ ಅಂಟಿಸುತ್ತದೆ. ಹೀಗೆ ಅಂಟಿಸಲು ಬಳಸುವ ಎರಡು ಹ್ಯಾಶ್ ಗುರುತುಗಳ (##) ಪಕ್ಕದ ಆರ್ಗ್ಯುಮೆಂಟ್ ವಿಸ್ತರಣೆಗೊಳ್ಳುವುದಿಲ್ಲವಾದ್ದರಿಂದ, ಅಂಕಿಯ ಬದಲು ಮ್ಯಾಕ್ರೋದ ಹೆಸರೇ ಅಂಟಿಕೊಳ್ಳದಿರಲೆಂದು ಈ ಕೆಲಸವನ್ನು ಒಂದರೊಳಗೊಂದು ಕರೆಯುವ ಎರಡು ಮ್ಯಾಕ್ರೋಗಳಿಗೆ ಹಂಚಲಾಗಿದೆ. ಅಗಲವನ್ನು ಹೇಳದಿದ್ದರೆ ಹೆಡರ್ ತಾನೇ ಊಹಿಸಲು ಹೋಗದೆ, ಸ್ಪಷ್ಟ ದೋಷಸಂದೇಶದೊಂದಿಗೆ ಕಂಪೈಲ್ ನಿಲ್ಲಿಸುತ್ತದೆ. ಈ ಕೊನೆಯ ಶಿಸ್ತು ಎಲ್ಲ ಲೈಬ್ರರಿಗಳಿಗೂ ಬರಬೇಕೆಂಬುದು ನನ್ನ ಹಂಬಲ.

ಕಂಪೈಲರ್‌ನ ಸೌಲಭ್ಯ ವಿಚಾರಿಸುವಾಗಲೂ ಇಂಥದ್ದೇ ಸೂಕ್ಷ್ಮವಿದೆ. ಒಂದು ವಿಶೇಷ ಗುಣಸೂಚಕ ಕಂಪೈಲರ್‌ಗೆ ತಿಳಿದಿದೆಯೇ ಎಂದು ಕೇಳುವ 'ಹ್ಯಾಸ್ ಆಟ್ರಿಬ್ಯೂಟ್' ಪರೀಕ್ಷೆ ಇದೆಯೇ ಎಂಬ ಪ್ರಶ್ನೆಯನ್ನೂ ಅದರ ಬಳಕೆಯನ್ನೂ ಒಂದೇ ಇಫ್ ಸಾಲಿನಲ್ಲಿ ಬರೆದರೆ, ಅದನ್ನರಿಯದ ಹಳೆಯ ಕಂಪೈಲರ್ ಇಡೀ ಸಾಲನ್ನು ಓದಲಾರದೆ ದೋಷ ತೋರಿಸುತ್ತದೆ. ಒಂದು ಇಫ್‌ನ ಒಳಗೆ ಇನ್ನೊಂದನ್ನು ಇಡುವುದೇ ದಾರಿ. ವಿಂಡೋಸ್‌ನ ಇಂಪೋರ್ಟ್-ಎಕ್ಸ್‌ಪೋರ್ಟ್ ಗುರುತುಗಳು, ಸಿ++ಗಾಗಿ ಬೇಕಾದ ಎಕ್ಸ್‌ಟರ್ನ್ ಸಿ ಆವರಣ ಬಹುತೇಕ ಸಿ ಪ್ರೋಗ್ರಾಮರ್‌ಗಳಿಗೆ ತಿಳಿದವೇ. ಮ್ಯಾಕ್ರೋಗಳಿಗೆ ವ್ಯಾಪ್ತಿಯ ಎಲ್ಲೆ ಇಲ್ಲದಿರುವುದರಿಂದ ಪ್ರತಿಯೊಂದಕ್ಕೂ ಲೈಬ್ರರಿಯ ಪೂರ್ವಪದ ಇರಬೇಕು, ಅಡಿಗೆರೆಯ ಬೆನ್ನಿಗೇ ದೊಡ್ಡಕ್ಷರ ಬರುವ ಹೆಸರುಗಳನ್ನು ಮಾನಕ ಕಾಯ್ದಿರಿಸಿದೆ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ.

ಆದ್ದರಿಂದ ಈ ಲೇಖನದ ಮುಂದಿನ ಭಾಗವನ್ನು ಪ್ರಕಟಿಸುವುದಾದರೆ, ಹೆಡರ್ ಒಂದನ್ನೇ ಸೇರಿಸಿಕೊಂಡ ಖಾಲಿ ಕಡತವನ್ನು ಸಿ ಮಾನಕದ ಸಿ89, ಸಿ99 ಆವೃತ್ತಿಗಳಲ್ಲಿ ಹಾಗೂ ಸಿ++ನಲ್ಲಿ ಎಲ್ಲ ಎಚ್ಚರಿಕೆಗಳನ್ನೂ ಚಾಲೂ ಇಟ್ಟು, ಚಾರ್ ಅನ್ನು ಎರಡೂ ಬಗೆಯಲ್ಲಿ ನಿಗದಿಪಡಿಸಿ ಕಂಪೈಲ್ ಮಾಡಿ ನೋಡುವ ಕ್ರಮವನ್ನು ಅದರ ಮೊದಲಲ್ಲೇ ವಿವರಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಸಿ ಪ್ರೋಗ್ರಾಮರ್